ಎಂಟು ಬಂತು, ಆದರೆ ನಮಗೆ ಏಳೇ ಸರಿ

ಇಂಟರ್ನಲ್ಸ್ ಮುಗಿದ ರಾತ್ರಿ ನಮ್ಮ ಹಾಸ್ಟೆಲಿನಲ್ಲಿ ಏನು ನಡೆಯುತ್ತೆ ಅಂತ ಇಲ್ಲಿ ಓದುತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಲ್ಯಾಪ್‌ಟಾಪ್, ಎರಡು ಕಂಟ್ರೋಲರ್, ಅದರಲ್ಲಿ ಒಂದರ ಬಟನ್ ಅರ್ಧ ಸತ್ತಿರುತ್ತೆ. ಮಂಚದ ಮೇಲೆ ಆರು ಜನ, ನೆಲದ ಮೇಲೆ ನಾಲ್ಕು ಜನ. ಸೋತವನು ಏಳಬೇಕು, ಗೆದ್ದವನು ಕೂತಿರಬೇಕು, ಇಷ್ಟೇ ನಿಯಮ. ಮೂರು ವರ್ಷದಿಂದ ಆ ರೂಮಿನಲ್ಲಿ ಓಡುತ್ತಿದ್ದದ್ದು ಟೆಕ್ಕನ್ 7. ಈ ಸೆಮಿಸ್ಟರಿನಲ್ಲಿ ನಮ್ಮಲ್ಲೊಬ್ಬ ಹೊಸ ಗೇಮಿಂಗ್ ಲ್ಯಾಪ್‌ಟಾಪ್ ತಂದ. ಜೊತೆಗೆ ಟೆಕ್ಕನ್ 8 ಕೂಡ ಬಂತು.

ಮೊದಲ ವಾರ ಹಬ್ಬ. ಆ ಬೆಳಕು, ಆ ಬೆವರು, ಒಡೆದು ಬೀಳುವ ಗೋಡೆಗಳು, ನೋಡ್ತಾ ಕೂತರೆ ಸಿನಿಮಾ ಇದ್ದ ಹಾಗೆ. ಎರಡನೇ ವಾರ ಜಗಳ ಜಾಸ್ತಿಯಾಯಿತು. ಮೂರನೇ ವಾರ ಯಾರೋ ಮೆಲ್ಲಗೆ ಹಳೇ ಲ್ಯಾಪ್‌ಟಾಪ್ ತೆಗೆದು ಏಳನ್ನೇ ಹಾಕಿದರು. ಯಾರೂ ಬೇಡ ಅನ್ನಲಿಲ್ಲ.

ಇದನ್ನು ಹಳೆಯದರ ಮೋಹ ಅಂತ ತಳ್ಳಿಹಾಕಬಹುದು. ನಾವೂ ಹಾಗೇ ಅಂದುಕೊಂಡಿದ್ದೆವು. ಆದರೆ ಫಸ್ಟ್ ಇಯರ್ ಹುಡುಗನೊಬ್ಬ ಕಂಟ್ರೋಲರ್ ಕೆಳಗಿಡುತ್ತಾ ಹೇಳಿದ ಮಾತು ತಲೆಯಲ್ಲಿ ಉಳಿದುಬಿಟ್ಟಿತು: "ಅಣ್ಣಾ, ಏಳರಲ್ಲಿ ಸೋತರೆ ಯಾಕೆ ಸೋತೆ ಅಂತ ಗೊತ್ತಾಗ್ತಿತ್ತು. ಇದರಲ್ಲಿ ಗೆದ್ರೂ ಯಾಕೆ ಗೆದ್ದೆ ಅಂತ ಗೊತ್ತಾಗಲ್ಲ." ಎಂಟರ ಮೇಲೆ ನಮಗಿರುವ ತಕರಾರು ಪೂರ್ತಿ ಇದರಲ್ಲೇ ಇದೆ. ಉಳಿದದ್ದು ವಿವರಣೆ.

ಏಳರಲ್ಲಿ ಏನಿತ್ತು?

ಟೆಕ್ಕನ್ 7 ಜಪಾನಿನ ಆರ್ಕೇಡ್‌ಗಳಿಗೆ ಬಂದದ್ದು 2015ರಲ್ಲಿ. ಮನೆಯ ಕನ್ಸೋಲ್ ಮತ್ತು ಪಿಸಿಗೆ ಬಂದದ್ದು 2017ರ ಜೂನ್‌ನಲ್ಲಿ. ಆಡದವರಿಗಾಗಿ ಒಂದು ಸಣ್ಣ ಪಾಠ. ಟೆಕ್ಕನ್‌ನಲ್ಲಿ ಏಟುಗಳು ಮೂರು ಎತ್ತರದಲ್ಲಿ ಬರುತ್ತವೆ: ಹೈ, ಮಿಡ್, ಲೋ. ನಿಂತು ತಡೆದರೆ ಹೈ ಮತ್ತು ಮಿಡ್ ನಿಲ್ಲುತ್ತವೆ. ಕೂತು ತಡೆದರೆ ಲೋ ನಿಲ್ಲುತ್ತೆ, ಹೈ ತಲೆ ಮೇಲೆ ಹಾದು ಹೋಗುತ್ತೆ, ಆದರೆ ಮಿಡ್ ಬಿದ್ದರೆ ಮುಗೀತು. ಆಟ ಸೆಕೆಂಡಿಗೆ 60 ಫ್ರೇಮ್ ವೇಗದಲ್ಲಿ ಓಡುತ್ತೆ, ಪ್ರತಿ ಏಟಿಗೂ ಇಂತಿಷ್ಟು ಫ್ರೇಮ್ ಅಂತ ಲೆಕ್ಕ ಇರುತ್ತೆ. ಸಾಮಾನ್ಯ ಜ್ಯಾಬ್ ಒಂದು 10 ಫ್ರೇಮ್‌ಗೆ ಬಂದು ತಾಗುತ್ತೆ. ಎದುರಾಳಿಯ ಏಟನ್ನು ನೀವು ತಡೆದಾಗ ಅವನು ಸುಧಾರಿಸಿಕೊಳ್ಳಲು ನಿಮಗಿಂತ 10 ಫ್ರೇಮ್ ತಡ ಮಾಡಿದ ಅಂದರೆ, ನಿಮ್ಮ ಜ್ಯಾಬ್ ಅವನಿಗೆ ತಾಗಿಯೇ ತಾಗುತ್ತೆ. ತಪ್ಪಿಸಿಕೊಳ್ಳೋಕೆ ಆಗಲ್ಲ. ಇದು ಅದೃಷ್ಟ ಅಲ್ಲ, ಕೂಡಿ ಕಳೆಯುವ ಲೆಕ್ಕ.

ನಮ್ಮ ರೂಮಿನಲ್ಲಿ ಬ್ರಯಾನ್ ಫ್ಯೂರಿ ಆಡುವ ಸೀನಿಯರ್ ಒಬ್ಬರಿದ್ದರು. ಅವರ ಅಸ್ತ್ರ ಸ್ನೇಕ್ ಎಡ್ಜ್. ಕಾಲಿಗೆ ಬೀಸುವ ಆ ಒದೆತ ತಾಗಿದರೆ ನೀವು ಗಾಳಿಯಲ್ಲಿ, ಆಮೇಲೆ ಅರ್ಧ ಜೀವ ಖಾಲಿ. ಹೊಸಬರೆಲ್ಲ ಅದಕ್ಕೇ ಬೀಳುತ್ತಿದ್ದರು. ಆದರೆ ಅದು ನಿಧಾನದ ಏಟು, ತಾಗೋಕೆ ಹೆಚ್ಚು ಕಡಿಮೆ ಅರ್ಧ ಸೆಕೆಂಡ್ ಬೇಕು. ಎರಡು ವಾರ ಏಟು ತಿಂದ ಮೇಲೆ ಬ್ರಯಾನ್ ಸೊಂಟ ತಿರುಗಿಸಿದ್ದು ಕಣ್ಣಿಗೆ ಕಾಣೋಕೆ ಶುರುವಾಗುತ್ತೆ. ಕೂತು ತಡೀತೀರಿ. ಈಗ ಗಾಳಿಯಲ್ಲಿ ಹಾರೋದು ಸೀನಿಯರ್ ಸರದಿ! ರೂಮಿನಲ್ಲಿ ಏಳುವ ಆ ಕೂಗಿಗೆ ವಾರ್ಡನ್ ಎಷ್ಟು ಸಲ ಬಾಗಿಲು ತಟ್ಟಿದ್ದಾರೋ ಲೆಕ್ಕ ಇಟ್ಟಿಲ್ಲ.

ಏಳರಲ್ಲಿ ಪ್ರಶ್ನೆ ಕಷ್ಟ ಇರುತ್ತಿತ್ತು, ಆದರೆ ಬಹುಪಾಲು ಪ್ರಶ್ನೆಗೆ ಉತ್ತರ ಇರುತ್ತಿತ್ತು. ಕಲಿತವನಿಗೆ ಮಾರ್ಕ್ಸ್ ಸಿಗುತ್ತಿತ್ತು. ಲಾಹೋರಿನ ಅರ್ಸಲಾನ್ ಆ್ಯಶ್ 2019ರಲ್ಲಿ ಎವೊ ಜಪಾನ್ ಗೆದ್ದು, ಅದೇ ವರ್ಷ ಅಮೆರಿಕದ ಲಾಸ್ ವೇಗಸ್‌ನಲ್ಲಿ ಎವೊ ಕೂಡ ಗೆದ್ದಾಗ ಟೆಕ್ಕನ್ ಜಗತ್ತು ಬೆಚ್ಚಿತ್ತು. ಕೊರಿಯಾ, ಜಪಾನ್ ಬಿಟ್ಟರೆ ಬೇರೆ ಯಾರು ಅಂತ ಕೂತಿದ್ದವರ ಮುಂದೆ, ತಮ್ಮೂರಿನಲ್ಲೇ ತಮ್ಮವರ ಜೊತೆ ಆಡಿ ಪಳಗಿದ ಹುಡುಗ ಬಂದು ಗೆದ್ದ. ನಮ್ಮಂಥ ಹಾಸ್ಟೆಲ್ ಹುಡುಗರಿಗೆ ಅದು ಎಷ್ಟು ಹತ್ತಿರದ ಕತೆ ಅಂತ ಹೇಳಬೇಕಾ?

ಎಂಟು ಏನು ಮಾಡಿತು?

2024ರ ಜನವರಿಯಲ್ಲಿ ಟೆಕ್ಕನ್ 8 ಬಂತು. ತಯಾರಕರು ಮೊದಲಿಂದಲೂ ಹೇಳುತ್ತಿದ್ದ ಮಂತ್ರ ಒಂದೇ: "ಅಗ್ರೆಸಿವ್". ಮುನ್ನುಗ್ಗುವವನಿಗೆ ಬಹುಮಾನ. ಅದಕ್ಕಾಗಿ ತಂದದ್ದೇ ಹೀಟ್ ವ್ಯವಸ್ಥೆ. ಪ್ರತಿ ರೌಂಡಿಗೆ ಒಮ್ಮೆ, ಸುಮಾರು 10 ಸೆಕೆಂಡ್ ಕಾಲ, ನಿಮ್ಮ ಆಟಗಾರ ಹೆಚ್ಚು ಶಕ್ತಿ ಪಡೀತಾನೆ. ಆಗ ಅವನ ಏಟನ್ನು ಸರಿಯಾಗಿ ತಡೆದರೂ ನಿಮ್ಮ ಜೀವ ಸ್ವಲ್ಪ ಸ್ವಲ್ಪ ಸೋರುತ್ತೆ. ಸೋರಿದ್ದನ್ನು ವಾಪಸ್ ತುಂಬಿಕೊಳ್ಳಬೇಕಾದರೂ ನೀವು ಏಟು ಹಾಕಲೇಬೇಕು, ಸುಮ್ಮನೆ ಕಾದರೆ ತುಂಬಲ್ಲ.

ಏಳರಲ್ಲೂ ರೇಜ್ ಇತ್ತಲ್ಲ ಅಂತ ಕೇಳಬಹುದು. ಇತ್ತು. ಆದರೆ ಅದು ಸಿಗುತ್ತಿದ್ದದ್ದು ಜೀವ ಕೊನೆಗೆ ಬಂದಾಗ, ಸೋಲುತ್ತಿರುವವನಿಗೆ ಒಂದು ಕೊನೆ ಆಸೆಯಾಗಿ. ಹೀಟ್ ಹಾಗಲ್ಲ, ರೌಂಡ್ ಶುರುವಾದ ಕ್ಷಣದಿಂದಲೇ ಇಬ್ಬರ ಕೈಯಲ್ಲೂ ಇರುತ್ತೆ. ರೇಜ್ ಕೂಡ ತೆಗೆದಿಲ್ಲ, ಅದರ ಮೇಲೆ ಇದು. ರೌಂಡ್ ಇರೋದೇ 60 ಸೆಕೆಂಡ್, ಅದೂ ಎಷ್ಟೋ ಸಲ ಅರ್ಧದಲ್ಲೇ ಮುಗಿಯುತ್ತೆ. ಇಬ್ಬರ ಹೀಟ್ ಸೇರಿದರೆ ಆಟದ ದೊಡ್ಡ ಪಾಲು ಅದರಲ್ಲೇ ಹೋಯಿತು.

ನಿಜವಾದ ತಲೆನೋವು ಹೀಟ್ ಡ್ಯಾಶ್. ಹೀಟ್‌ನಲ್ಲಿರುವವನು ಕೆಲವು ಏಟು ಹಾಕಿ ಹಾಗೇ ಮುಂದೆ ನುಗ್ಗಬಹುದು. ನೀವು ತಡೆದಿದ್ದೀರಿ, ಸರಿಯಾಗೇ ತಡೆದಿದ್ದೀರಿ. ಆದರೂ ಮುಂದಿನ ಸರದಿ ಅವನದೇ, ಫ್ರೇಮ್ ಲೆಕ್ಕದಲ್ಲಿ ಅವನೇ ಮುಂದು. ಈಗ ಮೂಗಿನ ಮುಂದೆ ನಿಂತು ಕೇಳ್ತಾನೆ: ಮಿಡ್ಡೋ, ಲೋನೋ? ನೋಡಿ ತಡೆಯೋಕೆ ಟೈಮ್ ಇಲ್ಲ. ಊಹೆ ಮಾಡಬೇಕು. ಊಹೆ ತಪ್ಪಿದರೆ ಗಾಳಿಗೆ. ಸರಿಯಾದರೆ? ಎಷ್ಟೋ ಸಲ ಇನ್ನೊಂದು ಊಹೆ.

ಪರೀಕ್ಷೆಯ ಭಾಷೆಯಲ್ಲೇ ಹೇಳೋದಾದರೆ, ಏಳು ಹತ್ತು ಮಾರ್ಕಿನ ಡಿರೈವೇಶನ್ ಇದ್ದ ಹಾಗೆ. ಎಲ್ಲಿ ತಪ್ಪಿದೆ ಅಂತ ಸ್ಟೆಪ್ ನೋಡಿ ಗೊತ್ತಾಗುತ್ತೆ, ಮುಂದಿನ ಸಲ ತಿದ್ದಿಕೊಳ್ಳಬಹುದು. ಎಂಟು ಪ್ರಶ್ನೆಯನ್ನೇ ಓದೋಕೆ ಬಿಡದೆ ಎ ಅಥವಾ ಬಿ ಟಿಕ್ ಮಾಡು ಅನ್ನುವ ಪೇಪರ್. ಅದರಲ್ಲೂ ಪಾಸಾಗಬಹುದು. ಆದರೆ ಕಲಿತದ್ದೇನು?

2025ರ ಏಪ್ರಿಲ್‌ನಲ್ಲಿ ಎರಡನೇ ಸೀಸನ್ ಬಂದಾಗ ಇದು ನಮ್ಮಂಥವರ ಗೊಣಗಾಟ ಮಾತ್ರ ಅಲ್ಲ ಅಂತ ಗೊತ್ತಾಯಿತು. ಈ ಸಲ ರಕ್ಷಣೆಗೆ ಬಲ ಕೊಡ್ತೀವಿ ಅನ್ನುವ ಭರವಸೆ ಮೊದಲೇ ಸಿಕ್ಕಿತ್ತು. ಬಂದದ್ದು ಉಲ್ಟಾ. ಆಟಗಾರರಿಗೆ ಹೊಸ ಹೊಸ ಆಕ್ರಮಣದ ಏಟುಗಳು ಸಿಕ್ಕವು, ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳೋದು ಇನ್ನೂ ಕಷ್ಟ ಆಯಿತು. ವೃತ್ತಿಪರ ಆಟಗಾರರೇ ಬಹಿರಂಗವಾಗಿ ಸಿಟ್ಟಾದರು, ಸ್ಟೀಮ್‌ನಲ್ಲಿ ಆ ದಿನಗಳ ವಿಮರ್ಶೆಗಳು ಪಾತಾಳಕ್ಕೆ ಇಳಿದವು. ತಯಾರಕರು ತರಾತುರಿಯಲ್ಲಿ ತೇಪೆ ಹಾಕಬೇಕಾಯಿತು. ತೇಪೆಯಿಂದ ಒಂದಿಷ್ಟು ಸರಿಹೋಯಿತು, ಆದರೆ ಬಟ್ಟೆ ಅದೇ.

ನ್ಯಾಯವಾಗಿ ಮಾತಾಡೋಣ

ಏಳು ದೇವರು ಕೊಟ್ಟ ಆಟ ಅಂತ ನಾವು ಹೇಳ್ತಿಲ್ಲ. ಅದರಲ್ಲಿ ಹೊಸಬರಿಗೆ ಕಲಿಸುವ ಸರಿಯಾದ ಟ್ಯುಟೋರಿಯಲ್ಲೇ ಇರಲಿಲ್ಲ, ಸೀನಿಯರ್‌ಗಳೇ ಟ್ಯುಟೋರಿಯಲ್. ಫ್ರೇಮ್ ಲೆಕ್ಕ ತೋರಿಸುವ ಸೌಲಭ್ಯವನ್ನು 2019ರಲ್ಲಿ ಪ್ರತ್ಯೇಕ ದುಡ್ಡಿಗೆ ಮಾರಿದರು, ಅದನ್ನು ಯಾವ ಬಾಯಲ್ಲೂ ಸಮರ್ಥಿಸೋಕೆ ಆಗಲ್ಲ. ಅದೇ ವರ್ಷದ ಕೊನೆಗೆ ಬಂದ ಲೀರಾಯ್ ಸ್ಮಿತ್ ಎಷ್ಟು ಬಲಶಾಲಿಯಾಗಿದ್ದ ಅಂದರೆ, ಮುಂದಿನ ಎವೊ ಜಪಾನ್‌ನ ಕೊನೆಯ 8 ಜನರಲ್ಲಿ ಹೆಚ್ಚಿನವರು ಅವನನ್ನೇ ಆಡಿದರು. ಆನ್‌ಲೈನ್ ಆಟದ ಗತಿಯಂತೂ ಕೇಳಬೇಡಿ.

ಎಂಟರಲ್ಲಿ ಇವೆಷ್ಟೋ ಸರಿಹೋಗಿವೆ. ಫ್ರೇಮ್ ಲೆಕ್ಕ ಪುಕ್ಕಟೆ. ಸೋತ ಪಂದ್ಯದ ರೀಪ್ಲೇ ನೋಡುತ್ತಾ, ಬೇಕಾದಲ್ಲಿ ನಿಲ್ಲಿಸಿ, "ಇಲ್ಲಿ ಹೀಗೆ ಹೊಡೀಬಹುದಿತ್ತು" ಅಂತ ನಾವೇ ಆಡಿ ನೋಡಬಹುದು. ಇದು ನಿಜಕ್ಕೂ ಭಾರಿ ಒಳ್ಳೆಯ ಯೋಚನೆ. ನಮ್ಮ ಆಟ ನೋಡಿ ನಮ್ಮಂತೆಯೇ ಆಡುವ ಗೋಸ್ಟ್ ಇದೆ. ಪಿಸಿಯವರು ಕನ್ಸೋಲಿನವರ ಜೊತೆ ಆಡಬಹುದು, ಆನ್‌ಲೈನ್ ಎಷ್ಟೋ ವಾಸಿ. ಕತೆಯೂ ಏಳಕ್ಕಿಂತ ಚೆನ್ನಾಗಿದೆ.

ವಿಪರ್ಯಾಸ ನೋಡಿ. ಕಲಿಸುವ ಉಪಕರಣ ಇಲ್ಲದ ಆಟದಲ್ಲಿ ಕಲಿಯೋಕೆ ಬೇಕಾದಷ್ಟಿತ್ತು. ಎಲ್ಲ ಉಪಕರಣ ಇರುವ ಆಟದಲ್ಲಿ ರೀಪ್ಲೇ ನಿಲ್ಲಿಸಿ ನೋಡಿದರೆ ಎಷ್ಟೋ ಸಲ ಸಿಗುವ ಉತ್ತರ, "ಇಲ್ಲಿ ಕೂರಬೇಕಿತ್ತು, ನೀನು ನಿಂತೆ" ಅಂತ ಅಷ್ಟೇ.

"ಅರ್ಸಲಾನ್ ಎಂಟರಲ್ಲೂ ಗೆದ್ದಿದ್ದಾನಲ್ಲ, ಬರೀ ಅದೃಷ್ಟ ಆಗಿದ್ದರೆ ಹೇಗೆ ಗೆಲ್ತಿದ್ದ?" ಅಂತ ನಮ್ಮದೇ ರೂಮಿನಲ್ಲಿ ಒಬ್ಬ ವಾದ ಹೂಡಿದ. ಒಳ್ಳೆಯ ಪ್ರಶ್ನೆ. ಹೌದು, 2024 ಮತ್ತು 2025ರ ಎವೊ ಎರಡನ್ನೂ ಅವನೇ ಗೆದ್ದ. ಎಂಟರಲ್ಲಿ ಕೌಶಲ ಇಲ್ಲವೇ ಇಲ್ಲ ಅಂತ ನಾವು ಹೇಳ್ತಿಲ್ಲ. ಸಾವಿರ ಊಹೆಗಳಲ್ಲಿ ಎದುರಾಳಿಯ ಮನಸ್ಸು ಓದಬಲ್ಲವನು ಕೊನೆಗೆ ಗೆದ್ದೇ ಗೆಲ್ತಾನೆ. ಆದರೆ ರಾತ್ರಿ ಐದು ಪಂದ್ಯ ಆಡಿ ಮಲಗುವ ಹುಡುಗನಿಗೆ ಆ ಸಾವಿರ ಸಿಗಲ್ಲ. ಸಿಗ್ನಲ್ ಇದೆ, ಆದರೆ ನಾಯ್ಸ್ ಎಷ್ಟು ಜಾಸ್ತಿ ಅಂದರೆ ಅವನಿಗೆ ಕೇಳಿಸೋದು ಬರೀ ಗದ್ದಲ. ತಾನು ಸುಧಾರಿಸುತ್ತಿದ್ದೇನಾ ಇಲ್ಲವಾ ಅಂತಲೇ ಗೊತ್ತಾಗದಿದ್ದರೆ ನಾಳೆ ಅವನು ಯಾಕೆ ಬಂದು ಕೂರಬೇಕು?

ಜೇಬು, ಲ್ಯಾಪ್‌ಟಾಪ್ ಮತ್ತು ಎಡ್ಡಿ

ಇನ್ನೊಂದು ಮಾತು, ಇದು ಹಾಸ್ಟೆಲಿಗೆ ಸಂಬಂಧಿಸಿದ್ದು. ಏಳನ್ನು ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲೂ ಎಲ್ಲ ಸೆಟ್ಟಿಂಗ್ ಕೆಳಗಿಳಿಸಿ, ಕಿಟಕಿ ಪಕ್ಕ ಇಟ್ಟು, ಹೇಗೋ ಓಡಿಸಿದ್ದೇವೆ. ಅದಕ್ಕೆ 60 ಜಿಬಿ ಸಾಕು. ಎಂಟಕ್ಕೆ 100 ಜಿಬಿ ಜಾಗ ಬೇಕು, ಒಂದು ಮಟ್ಟದ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ತಂತ್ರಜ್ಞಾನ ಮುಂದೆ ಹೋಗುತ್ತೆ, ಸರಿ. ಅದನ್ನು ತಪ್ಪು ಅನ್ನಲ್ಲ. ಆದರೆ ಮೊದಲು ವಿಂಗ್‌ನಲ್ಲಿ ನಾಲ್ಕು ರೂಮಿನಲ್ಲಿ ನಡೆಯುತ್ತಿದ್ದ ಆಟ ಈಗ ಒಂದೇ ರೂಮಿಗೆ ಬಂದು ನಿಂತಿದೆ. ಆ ರೂಮಿನವನು ಊರಿಗೆ ಹೋದರೆ ಆಟವೂ ಊರಿಗೆ ಹೋಯಿತು.

ಆಮೇಲೆ ಎಡ್ಡಿ ಗೋರ್ಡೋ. ಟೆಕ್ಕನ್ 3 ಆಡಿ ಬೆಳೆದ ಯಾರನ್ನಾದರೂ ಕೇಳಿ, ಒದೆಯುವ ಎರಡು ಬಟನ್ ಒಂದೇ ಸಮ ಒತ್ತಿ ಅಣ್ಣನನ್ನು ಸೋಲಿಸಿದ ಕತೆ ಹೇಳ್ತಾರೆ. ಏಳರಲ್ಲಿ ಅವನು ಆಟದ ಜೊತೆಗೇ ಬಂದಿದ್ದ. ಎಂಟರಲ್ಲಿ ಮೊದಲಿದ್ದ 32 ಜನರಲ್ಲಿ ಅವನಿಲ್ಲ, ಮೂರು ತಿಂಗಳಾಗುವಷ್ಟರಲ್ಲಿ ಬೇರೆ ದುಡ್ಡಿಗೆ ಬಂದ. ಏಳೂ ಆಟಗಾರರನ್ನು ಮಾರಿತ್ತು, ನಿಜ. ಆದರೆ ಎಂಟರಲ್ಲಿ ಬಿಡುಗಡೆಯಾಗಿ ತಿಂಗಳು ಕಳೆಯುತ್ತಲೇ ಅಂಗಡಿಯೂ ಬಂತು. ಬಟ್ಟೆಬರೆಗೆ ನಾಣ್ಯ, ನಾಣ್ಯಕ್ಕೆ ರೊಕ್ಕ. ಪೂರ್ತಿ ಬೆಲೆ ಕೊಟ್ಟು ಒಳಗೆ ಬಂದವನನ್ನು ಮತ್ತೆ ಜೇಬು ತಡಕು ಅನ್ನೋದು ಯಾವ ಮರ್ಯಾದೆ?

ಹೈಹಾಚಿಯ ವಿಷಯ ಕೂಡ ಹೀಗೇ. ಏಳರ ಇಡೀ ಕತೆ ನಿಂತಿದ್ದದ್ದು ಅಪ್ಪ ಮಗನ ಕೊನೆಯ ಕಾಳಗದ ಮೇಲೆ. ಕಜುಯಾ ಅಪ್ಪನನ್ನು ಲಾವಾಕ್ಕೆ ಎಸೆದಾಗ ನಮ್ಮ ರೂಮು ಅರ್ಧ ನಿಮಿಷ ಗಪ್‌ಚುಪ್ ಆಗಿತ್ತು. ಎಂಟು ಬಂದ ವರ್ಷವೇ ಅಪ್ಪ ಡಿಎಲ್‌ಸಿಯಾಗಿ ಎದ್ದು ಬಂದರು. ಖುಷಿ ಆಯ್ತಾ ಅಂದರೆ ಆಯ್ತು, ಸುಳ್ಳು ಹೇಳಲ್ಲ. ಆದರೆ ಆ ಮೌನಕ್ಕೆ ಬೆಲೆ ಉಳೀಲಿಲ್ಲ.

ಕೊನೆಗೆ

ಮುಂದಿನ ಭಾಗ ಅಂದರೆ ಹಿಂದಿನದನ್ನೇ ಮತ್ತೆ ಕೊಡಬೇಕು ಅಂತ ನಾವು ಕೇಳ್ತಿಲ್ಲ. ಬದಲಾಗಲಿ. ಆದರೆ ಹಿಂದಿನದರಲ್ಲಿ ಜನರನ್ನು ಹಿಡಿದಿಟ್ಟದ್ದು ಯಾವುದು ಅಂತ ನೋಡಿಕೊಂಡು ಬದಲಾಗಲಿ. ಟೆಕ್ಕನ್ ಅನ್ನು ಹಿಡಿದಿಟ್ಟದ್ದು ಬೆಂಕಿ, ಮಿಂಚು, ಸ್ಲೋ ಮೋಷನ್ ಅಲ್ಲ. ಸೋತವನು ಎದ್ದು ಹೋಗುವಾಗ "ನಾಳೆ ಅದನ್ನ ತಡೀತೀನಿ, ನೋಡ್ತಾ ಇರು" ಅನ್ನೋಕೆ ಸಾಧ್ಯ ಆಗುತ್ತಿತ್ತಲ್ಲ, ಅದು. ತಡೆಯುವವನಿಗೆ ಅವನ ಸರದಿ ವಾಪಸ್ ಕೊಡಿ, ಹೀಟ್ ಇದ್ದರೂ ನಮಗೆ ತಕರಾರಿಲ್ಲ.

ಅಲ್ಲಿಯವರೆಗೆ ನಮ್ಮ ರೂಮಿನಲ್ಲಿ ಏಳೇ. ಎಂಟರ ಪರ ವಾದ ಇರುವವರು ಬನ್ನಿ, ಕೇಳೋಣ. ಬರುವಾಗ ಬಟನ್ ಸರಿ ಇರುವ ಕಂಟ್ರೋಲರ್ ಒಂದು ತಂದರೆ ಇನ್ನೂ ಸಂತೋಷ. ಸ್ನೇಕ್ ಎಡ್ಜ್ ಸೀನಿಯರ್ ಪಾಸಾಗಿ ಹೋದರು, ಆದರೆ ಅದನ್ನು ಮೊದಲ ಸಲ ತಡೆದ ಹುಡುಗ ಈಗ ಥರ್ಡ್ ಇಯರ್. ಈಗ ಬ್ರಯಾನ್ ಆಡೋದು ಅವನೇ.