ನೋಡಿ ಬಂದರಷ್ಟೇ ಸಾಕೆ?

ಕ್ಷೇತ್ರ ಭೇಟಿಯ ವರದಿಗಳನ್ನು ತಿದ್ದುವಾಗ ಪ್ರತಿ ವರ್ಷವೂ ಒಂದೇ ಅನುಭವ. ಸ್ಥಳದ ಹೆಸರು, ಕಟ್ಟಿದ ವರ್ಷ, ಕಟ್ಟಿಸಿದವರು. ಎಲ್ಲವೂ ಫಲಕದಿಂದ ಇಳಿಸಿಕೊಂಡದ್ದು. ಪ್ರಶಿಕ್ಷಣಾರ್ಥಿಗಳನ್ನು ದೂರುವ ಮುನ್ನ ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

ಅಮೆರಿಕದ ಐಡಹೊ ರಾಜ್ಯದ ರಾಜಧಾನಿ ಬಾಯ್ಸಿಯಲ್ಲಿ 'ಬಾಸ್ಕ್ ಬ್ಲಾಕ್' ಎಂಬ ಪುಟ್ಟ ಬೀದಿಯಿದೆ. ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಪಿರನೀಸ್ ಸೀಮೆಯಿಂದ ಹೊರಟ ಬಾಸ್ಕ್ ಯುವಕರು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಲ್ಲಿಗೆ ಬಂದು ಕುರಿ ಕಾಯ್ದರು. ಇಂಗ್ಲಿಷ್ ಬಾರದ ಅವರಿಗೆ ಬಾಸ್ಕ್ ವಸತಿಗೃಹಗಳೇ ಮನೆ. 1864ರಲ್ಲಿ ಕಟ್ಟಿದ ಇಟ್ಟಿಗೆಯ ಜೇಕಬ್ಸ್–ಉಬೆರುವಾಗಾ ಮನೆಯೂ 1910ರ ನಂತರ ಅಂಥದೊಂದು ವಸತಿಗೃಹವಾಯಿತು. ನಾನು ಅಲ್ಲಿಗೆ ಹೋದಾಗ ಮಾಡಿದ್ದೇನು? ಫಲಕಗಳ ಫೋಟೊ ತೆಗೆದೆ, ಊಟ ಮಾಡಿದೆ, ಹಿಂತಿರುಗಿದೆ.

ಆ ಬೀದಿ ಕೇಳುತ್ತಿದ್ದ ಪ್ರಶ್ನೆ ಆಮೇಲೆ ಹೊಳೆಯಿತು: ಇಲ್ಲಿ ಉಳಿಸಿದ್ದು ಯಾವುದು, ಬಳಸುತ್ತಿರುವುದು ಯಾವುದು, ಮುಂದಿನವರಿಗೆ ದಾಟಿಸುತ್ತಿರುವುದು ಯಾವುದು? ಹಳೆಯ ವಸತಿಗೃಹ ಇಂದು ವಸ್ತುಸಂಗ್ರಹಾಲಯದ ಭಾಗ, ಅದು ಉಳಿಸಿದ್ದು. 1914ರ ಅಂದುಯಿಸಾ ಅಂಕಣದಲ್ಲಿ ಇಂದಿಗೂ ಗೋಡೆಗೆ ಚೆಂಡು ಹೊಡೆಯುವ ಪೆಲೋಟ ಆಡುತ್ತಾರೆ, ಅದು ಬಳಕೆ. ಮೂರನೆಯದು ಪ್ರವಾಸಿಯ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. 1998ರಲ್ಲಿ ಈ ನಗರದಲ್ಲಿ ಒಂದು ಇಕಾಸ್ತೋಲಾ, ಎಂದರೆ ಬಾಸ್ಕ್ ಮಾಧ್ಯಮದ ಶಿಶುವಿಹಾರ, ಆರಂಭವಾಯಿತು. ಫ್ರಾಂಕೊ ಆಳ್ವಿಕೆಯಲ್ಲಿ ಸ್ಪೇನಿನ ಶಾಲೆಗಳಿಂದ ಹೊರಗಟ್ಟಲಾಗಿದ್ದ ಆ ಭಾಷೆಯನ್ನು ಅಲ್ಲಿನ ಪೋಷಕರು, ಶಿಕ್ಷಕಿಯರು ಇಂಥ ಇಕಾಸ್ತೋಲಾಗಳಲ್ಲಿ, ಎಷ್ಟೋ ಸಲ ಗುಟ್ಟಾಗಿ, ಕಲಿಸಿದ್ದರು.

ಶಿಶುವಿಹಾರ ಮುಗಿದ ಮೇಲೆ ಮಕ್ಕಳು ಇಂಗ್ಲಿಷ್ ಶಾಲೆಗೇ ಹೋಗುತ್ತಾರಲ್ಲ, ಏನು ಪ್ರಯೋಜನ ಎನ್ನಬಹುದು. ಆಕ್ಷೇಪಣೆ ಸರಿಯೇ. ಪುಟ್ಟ ಶಾಲೆಯೊಂದೇ ಭಾಷೆಯನ್ನು ಕಾಯಲಾರದು. ಮನೆಯಲ್ಲೂ ಅದನ್ನು ಆಡಬೇಕು. ಆದರೆ 1987ರಲ್ಲಿ ಆರಂಭವಾಗಿ ಸುಮಾರು ಐದು ವರ್ಷಕ್ಕೊಮ್ಮೆ ಸಾವಿರಾರು ಜನರನ್ನು ಸೇರಿಸುವ ಹಯಾಲ್ದಿ ಉತ್ಸವದಿಂದಲೂ ಆಗದ ಕೆಲಸವೊಂದು ಆ ತರಗತಿಯಲ್ಲಿ ದಿನವೂ ನಡೆಯುತ್ತದೆ. ಮಗು ಆ ಭಾಷೆಯಲ್ಲೇ ನೀರು ಕೇಳುತ್ತದೆ, ಜಗಳವಾಡುತ್ತದೆ.

ಆದ್ದರಿಂದ ನನ್ನ ಸಲಹೆ ಸರಳ. ಮುಂದಿನ ಭೇಟಿಯ ಪಾಠ ಯೋಜನೆಯಲ್ಲಿ ಮೂರು ಅಂಕಣಗಳಿರಲಿ: ಉಳಿಸಿದ್ದು, ಬಳಸುತ್ತಿರುವುದು, ದಾಟಿಸುತ್ತಿರುವುದು. ಮೊದಲನೆಯದನ್ನು ಫಲಕ ನೋಡಿ ತುಂಬಬಹುದು. ಎರಡನೆಯದಕ್ಕೆ ಸ್ವಲ್ಪ ಹೊತ್ತು ನಿಂತು ಗಮನಿಸಬೇಕು. ಮೂರನೆಯದಕ್ಕೆ ವಿದ್ಯಾರ್ಥಿ ಅಲ್ಲಿನ ಜನರನ್ನು ಮಾತನಾಡಿಸಲೇಬೇಕು. ಆ ಅಂಕಣ ಖಾಲಿ ಉಳಿದರೂ ಚಿಂತೆಯಿಲ್ಲ. ಮರುದಿನದ ತರಗತಿಯ ಚರ್ಚೆ ಅಲ್ಲಿಂದಲೇ ಆರಂಭವಾಗಲಿ. ಏಕೆ ಖಾಲಿಯಾಯಿತು ಎಂದು ಮಕ್ಕಳೇ ಕೇಳಲಿ.