ಅಕ್ಕಿ ನಮ್ಮದು, ಫೋಟೋ ನಿಮ್ಮದೇ?



2020ರ ಬೇಸಿಗೆ ನೆನಪಿದೆಯೇ? ಅಂಗಡಿಗಳ ಬಾಗಿಲು ಮುಚ್ಚಿತ್ತು. ಕೂಲಿ ನಿಂತಿತ್ತು. ಊರಿಗೆ ಹೋಗೋಣವೆಂದರೆ ಬಸ್ಸಿರಲಿಲ್ಲ. ಆಗ ನಮ್ಮ ಬೀದಿಗೂ ಒಂದು ಕಿಟ್ ಬಂತು. ಅಕ್ಕಿ, ತೊಗರಿಬೇಳೆ, ಎಣ್ಣೆ, ಒಂದು ಸೋಪು. ಚೀಲದ ಮೇಲೆ ಕೈಮುಗಿದು ನಗುವ ಜನನಾಯಕರೊಬ್ಬರ ಬಣ್ಣದ ಫೋಟೋ. ಅವರ ಹೆಸರೂ ಬೇಡ, ಪಕ್ಷವೂ ಬೇಡ. ಆ ದಿನಗಳಲ್ಲಿ ಫೋಟೋ ಅಂಟಿಸದ ಪಕ್ಷವನ್ನು ಹುಡುಕಲು ದೀಪ ಹಿಡಿದು ಹೋಗಬೇಕಿತ್ತು. ಪಕ್ಕದ ಮನೆಯ ಅಜ್ಜಿ ಚೀಲವನ್ನು ತಿರುಗಿಸಿ ನೋಡಿ, "ಇದು ಇವರ ಗದ್ದೇಲಿ ಬೆಳೆದ ಅಕ್ಕಿಯೇನಪ್ಪಾ?" ಎಂದರು. ಉತ್ತರ ಹೇಳಲು ನಮ್ಮಿಂದ ಆಗಲಿಲ್ಲ. ಸ್ವಂತ ದುಡ್ಡು ಎಷ್ಟು, ದಾನಿಗಳದ್ದೆಷ್ಟು, ಸರ್ಕಾರದ್ದೆಷ್ಟು ಎಂದು ಚೀಲದ ಮೇಲೆ ಬರೆದಿರಲಿಲ್ಲವಲ್ಲ!

ಈಗ ಯಾಕೆ ಹಳೆಯ ಕಥೆ ಎನ್ನುತ್ತೀರಾ? ಆ ರೋಗದ ನಡುವೆಯೇ ನಮ್ಮ ನಾಡಿನಲ್ಲಿ ಚುನಾವಣೆಗಳೂ ನಡೆದವು ಸ್ವಾಮಿ. 2020ರ ನವೆಂಬರ್ 3ರಂದು ಶಿರಾ ಮತ್ತು ರಾಜರಾಜೇಶ್ವರಿನಗರ. 2021ರ ಏಪ್ರಿಲ್ 17ರಂದು ಮಸ್ಕಿ, ಬಸವಕಲ್ಯಾಣ ಮತ್ತು ಬೆಳಗಾವಿ ಲೋಕಸಭೆ. ಬೆಳಗಾವಿಯ ಸುರೇಶ್ ಅಂಗಡಿ, ಬಸವಕಲ್ಯಾಣದ ಬಿ. ನಾರಾಯಣರಾವ್ ಇಬ್ಬರನ್ನೂ 2020ರ ಸೆಪ್ಟೆಂಬರಿನಲ್ಲಿ ಕೊರೊನಾವೇ ಬಲಿ ತೆಗೆದುಕೊಂಡಿತ್ತು. ರೋಗದಿಂದ ತೆರವಾದ ಸ್ಥಾನಕ್ಕೆ ರೋಗದ ನಡುವೆಯೇ ಮತದಾನ!

ಶಾಸಕರೆಂದರೆ ಒಬ್ಬ ಮನುಷ್ಯ ಮಾತ್ರವಲ್ಲ. ಕಚೇರಿ, ಆಪ್ತ ಸಹಾಯಕರು, ವರ್ಷಕ್ಕೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ, ತಹಶೀಲ್ದಾರರಿಂದ ಹಿಡಿದು ಪಿಡಿಓವರೆಗೆ ಒಂದು ಫೋನ್ ಕರೆಗೆ ಓಡಿ ಬರುವ ಅಧಿಕಾರಿಗಳು. ಇಷ್ಟೂ ನಿಮ್ಮ ತೆರಿಗೆಯ ಗಂಟು. ಎದುರಾಳಿಯ ಬಳಿ ಏನಿದೆ? ಕಾಲು, ಬಾಯಿ, ಹಿಂದೆ ಬರುವ ನಾಲ್ಕು ಜನ. ನಾಲ್ಕು ಜನ ಎಂದದ್ದು ಮಾತಿನ ಚಮತ್ಕಾರಕ್ಕಲ್ಲ. 2020ರ ಆಗಸ್ಟಿನಲ್ಲಿ ಚುನಾವಣಾ ಆಯೋಗ ಹೊರಡಿಸಿದ ಕೊರೊನಾ ಮಾರ್ಗಸೂಚಿಯಲ್ಲಿ ಮನೆಮನೆ ಪ್ರಚಾರಕ್ಕೆ ಅಭ್ಯರ್ಥಿಯೂ ಸೇರಿ ಐದೇ ಜನ ಎಂದಿತ್ತು. ರೋಗ ಹರಡದಿರಲು ಅದು ಬೇಕಿತ್ತು, ಒಪ್ಪೋಣ. ಆದರೆ ಬೀದಿಗಿಳಿಯಲಾಗದ ಕಾಲದಲ್ಲಿ ಲಾಭ ಯಾರಿಗೆ? ಯಾರ ಮುಖ ಆಗಲೇ ಅಡುಗೆಮನೆಯ ಅಕ್ಕಿ ಚೀಲದ ಮೇಲೆ ಕೂತಿದೆಯೋ ಅವರಿಗೆ!

ಮಾದರಿ ನೀತಿಸಂಹಿತೆ ಇಲ್ಲವೇ ಎಂದು ಕೇಳಬಹುದು. ಇದೆ. ಚುನಾವಣೆ ಘೋಷಣೆಯಾದ ಮೇಲೆ ಶಾಸಕರ ನಿಧಿಯಿಂದ ಹೊಸ ಹಣ ಬಿಡುಗಡೆ ಮಾಡುವಂತಿಲ್ಲ. ಕಾರ್ಯಾದೇಶ ಸಿಕ್ಕಿದ್ದರೂ ನೆಲದಲ್ಲಿ ಕೆಲಸ ಶುರುವಾಗಿರದಿದ್ದರೆ ಶುರು ಮಾಡುವಂತಿಲ್ಲ. ಸರ್ಕಾರಿ ಕಾರು, ಸರ್ಕಾರಿ ಜಾಹೀರಾತು ಪ್ರಚಾರಕ್ಕೆ ನಿಷಿದ್ಧ. ಕಾಗದದ ಮೇಲೆ ಬಲು ಚೆಂದ. ಆದರೆ ಇದು ಯಾವತ್ತು ಜಾರಿಗೆ ಬರುತ್ತದೆ? ಆಯೋಗ ದಿನಾಂಕ ಘೋಷಿಸಿದ ದಿನ. ಶಿರಾ, ರಾಜರಾಜೇಶ್ವರಿನಗರಕ್ಕೆ ಅದು ಬಂದದ್ದು 2020ರ ಸೆಪ್ಟೆಂಬರ್ 29ಕ್ಕೆ. ಕಿಟ್ ಹಂಚಿದ್ದು ಏಪ್ರಿಲ್-ಮೇ ತಿಂಗಳಲ್ಲಿ. ಕಳ್ಳ ಊರು ಬಿಟ್ಟ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಬಂತು?

ಮಸ್ಕಿಯನ್ನೇ ನೋಡಿ. 2019ರ ಜುಲೈನಲ್ಲಿ ಅಲ್ಲಿನ ಶಾಸಕ ಪ್ರತಾಪಗೌಡ ಪಾಟೀಲರು ಅನರ್ಹರಾದರು. ಕೋರ್ಟಿನ ತಕರಾರಿನಿಂದಾಗಿ ಚುನಾವಣೆ ಮುಂದಕ್ಕೆ ಹೋಯಿತು. ಹೊಸ ಶಾಸಕರು ಸಿಕ್ಕಿದ್ದು 2021ರ ಮೇ 2ರಂದು. ಇಪ್ಪತ್ತೊಂದು ತಿಂಗಳು! ಕೊರೊನಾದ ಮೊದಲ ಅಲೆ ಪೂರ್ತಿ ಮಸ್ಕಿಯ ಜನ ಶಾಸಕರಿಲ್ಲದೆ ಕಳೆದರು. ರಾಜರಾಜೇಶ್ವರಿನಗರಕ್ಕೂ ಇದೇ ಗತಿ. ಶಾಸಕರಿಲ್ಲದ ಕ್ಷೇತ್ರದಲ್ಲಿ ಆಸ್ಪತ್ರೆ ಹಾಸಿಗೆ ಬೇಕು, ಗುಳೆ ಹೋಗಿ ಬಂದವರಿಗೆ ಊಟ ಬೇಕು ಎಂದು ಯಾರ ಪತ್ರ ಹಿಡಿದು ಹೋಗಬೇಕು? ಹೇಳಿಕೇಳಿ ನಮ್ಮ ಕಚೇರಿಗಳ ರೀತಿ ನಿಮಗೆ ಗೊತ್ತು. ಮಾಜಿಗಳು ಆಡಳಿತ ಪಕ್ಷದಲ್ಲಿದ್ದರೆ ಅವರ ಚೀಟಿಗೆ ಬೆಲೆ, ಎದುರು ಪಕ್ಷದವರ ಅರ್ಜಿಗೆ ಕಪಾಟು. ಕಾಯ್ದೆಯ ಪ್ರಕಾರ ಅಲ್ಲಿ ಯಾರೂ ಶಾಸಕರಲ್ಲ. ಎಲ್ಲರೂ ಸಮಾನ ಪ್ರಜೆಗಳು!

ಕೊನೆಗೆ ಮಸ್ಕಿಯಲ್ಲಿ ಪಾಟೀಲರು ಸೋತರು, ರಾಜರಾಜೇಶ್ವರಿನಗರದಲ್ಲಿ ಮುನಿರತ್ನ ಗೆದ್ದರು. ಇಬ್ಬರೂ ಮಾಜಿಗಳೇ, ಇಬ್ಬರೂ ಅಷ್ಟರಲ್ಲಿ ಆಡಳಿತ ಪಕ್ಷ ಸೇರಿದ್ದವರೇ. ಆದ್ದರಿಂದ ಅಧಿಕಾರದ ಬಲವಿದ್ದವರೆಲ್ಲ ಗೆಲ್ಲುತ್ತಾರೆ ಎಂದು ನಾವು ಹೇಳುವುದಿಲ್ಲ. ಆದರೆ 2018ರಲ್ಲಿ ಇದೇ ಮಸ್ಕಿಯಲ್ಲಿ ಗೆಲುವಿನ ಅಂತರ ಬರೀ 213 ಮತ. ಎರಡು ಬೀದಿಯ ಚೀಲ ಸಾಕು.

ಇನ್ನು ಬಸವಕಲ್ಯಾಣ. ಖಜಾನೆ ಖಾಲಿ ಎಂದು ಶಾಸಕರ ಸಂಬಳವನ್ನೇ ಶೇಕಡಾ 30ರಷ್ಟು ಕತ್ತರಿಸಿದ ವರ್ಷ ಅದು. ಅದೇ ವರ್ಷದ ನವೆಂಬರ್ ಮಧ್ಯದಲ್ಲಿ ರಾಜ್ಯ ಸರ್ಕಾರ ಮರಾಠಾ ಅಭಿವೃದ್ಧಿಗೆ 50 ಕೋಟಿ ರೂಪಾಯಿ ಎಂದು ಘೋಷಿಸಿತು. ಡಿಸೆಂಬರ್ 5ರಂದು ಕನ್ನಡ ಸಂಘಟನೆಗಳು ಬಂದ್‌ಗೆ ಕರೆ ಕೊಟ್ಟವು. ಈ ನಾಡಿನ ಬಡ ಮರಾಠರ ಮೇಲೆ ನಮಗೆ ಹಗೆಯಿಲ್ಲ, ಅವರೂ ನಮ್ಮವರೇ. ಪ್ರಶ್ನೆ ಕ್ಯಾಲೆಂಡರಿನದು. ಬಸವಕಲ್ಯಾಣ ತೆರವಾದದ್ದು ಸೆಪ್ಟೆಂಬರಿನಲ್ಲಿ, ಘೋಷಣೆ ನವೆಂಬರಿನಲ್ಲಿ, ನೀತಿಸಂಹಿತೆ ಬಂದದ್ದು ಮರುವರ್ಷ ಮಾರ್ಚ್ 16ಕ್ಕೆ. ನಡುವಿನ ಆರು ತಿಂಗಳು ಯಾರ ಹಿಡಿತವೂ ಇಲ್ಲದ ಬಯಲು.

ಸ್ಕಾಟ್ಲೆಂಡ್ ಎಂಬ ನಾಡಿದೆ. ಅಲ್ಲಿನ ಜನಸಂಖ್ಯೆ ನಮ್ಮ ಬೆಂಗಳೂರಿನ ಅರ್ಧವೂ ಆಗದು. 2021ರ ಮೇ 6ರಂದು ಅಲ್ಲೂ ಚುನಾವಣೆ. ರೋಗ ಕೈಮೀರಿದರೆ ಸಭೆ ಸೇರಲು ಬೇಕಾಗಬಹುದೆಂದು ಶಾಸನಸಭೆಯನ್ನು ವಾರಗಳ ಮೊದಲೇ ವಿಸರ್ಜಿಸದೆ, ಮತದಾನದ ಹಿಂದಿನ ದಿನದವರೆಗೂ ಉಳಿಸಿಕೊಳ್ಳಲು ಕಾಯ್ದೆ ಮಾಡಿದರು. ಸದಸ್ಯರು ಸದಸ್ಯರಾಗಿಯೇ ಉಳಿದರು. ಹಾಗಾದರೆ ಅವರ ಕಚೇರಿ, ಸಿಬ್ಬಂದಿ, ಅಂಚೆ ಖರ್ಚು? ಜನರ ಕಷ್ಟ ಕೇಳಲು ಬಳಸಿ, ಮತ ಕೇಳಲು ಮುಟ್ಟಬೇಡಿ ಎಂದು ಗೆರೆ ಎಳೆದರು. ಅಲ್ಲಿನವರೇನು ದೇವರಲ್ಲ. ಪ್ರಶ್ನೆಯನ್ನು ಮೊದಲೇ ಕೇಳಿಕೊಂಡರು, ಅಷ್ಟೆ.

ನಮ್ಮಲ್ಲೂ ಒಮ್ಮೆ ಗೆರೆ ಎಳೆದದ್ದುಂಟು. 2021ರ ಮಾರ್ಚ್‌ನಲ್ಲಿ ಬಂಗಾಳ, ಕೇರಳ, ತಮಿಳುನಾಡು ಮುಂತಾದ ಕಡೆ ವಿಧಾನಸಭಾ ಚುನಾವಣೆಗಳಿದ್ದಾಗ, ಲಸಿಕೆ ಪ್ರಮಾಣಪತ್ರದ ಮೇಲಿನ ಪ್ರಧಾನಿಯವರ ಫೋಟೋ ಬಗ್ಗೆ ದೂರು ಹೋಯಿತು. ಆಯೋಗ ಹೇಳಿದ ಮೇಲೆ ಆ ರಾಜ್ಯಗಳಲ್ಲಿ ಫೋಟೋ ತೆಗೆದರು. ಲಸಿಕೆ ನಿಂತಿತೇ? ಇಲ್ಲ. ಫೋಟೋ ಇಲ್ಲದೆಯೂ ಸೂಜಿ ಚುಚ್ಚಿತು.

ನಾವು ಕೇಳುವುದೂ ಇಷ್ಟೇ. ಪರಿಹಾರವನ್ನು ಒಂದು ದಿನವೂ ನಿಲ್ಲಿಸಬೇಡಿ, ಹಸಿದವನಿಗೆ ನೀತಿಸಂಹಿತೆ ತೋರಿಸಬೇಡಿ. ಆದರೆ ಸರ್ಕಾರಿ ದುಡ್ಡಿನ ಅಕ್ಕಿ ತಹಶೀಲ್ದಾರರ ಕೈಯಿಂದ ಬರಲಿ, ಚೀಲದ ಮೇಲೆ ಕರ್ನಾಟಕ ಸರ್ಕಾರ ಎಂದು ಕನ್ನಡದಲ್ಲಿ ಬರೆದರೆ ಸಾಕು. ಉಪಚುನಾವಣೆಯಲ್ಲಿ ಈ ಕಟ್ಟಳೆ ದಿನಾಂಕ ಘೋಷಣೆಯಿಂದಲ್ಲ, ಸ್ಥಾನ ತೆರವಾದ ದಿನದಿಂದಲೇ ಶುರುವಾಗಲಿ. ತೆರವಾದ ಆರು ತಿಂಗಳೊಳಗೆ ಚುನಾವಣೆ ಆಗಬೇಕೆಂದು ಕಾನೂನೇ ಹೇಳುವಾಗ, ಅಭ್ಯರ್ಥಿಗಳ ಓಟ ಅಂದೇ ಶುರುವಾಗುತ್ತದೆ ಎಂಬುದು ಆಯೋಗಕ್ಕೆ ತಿಳಿಯದ ಗುಟ್ಟೇ?

ನೀವೂ ಸುಮ್ಮನೆ ಕೂರಬೇಡಿ. ಸಿ-ವಿಜಿಲ್ ಆ್ಯಪ್ ಇದೆ, ಫೋಟೋ ಹೊಡೆದು ಕಳಿಸಿದರೆ ನೂರು ನಿಮಿಷದಲ್ಲಿ ಕ್ರಮ ಎನ್ನುತ್ತಾರೆ. ಆದರೆ ಅದು ಕೆಲಸ ಮಾಡುವುದು ನೀತಿಸಂಹಿತೆ ಬಂದ ಮೇಲೆ ಮಾತ್ರ. ಅದಕ್ಕೂ ಮೊದಲು ಸರ್ಕಾರಿ ಅಕ್ಕಿಯ ಮೇಲೆ ಯಾರದಾದರೂ ಮುಖ ಕಂಡರೆ ಚೀಲವನ್ನು ಎತ್ತಿಟ್ಟುಕೊಂಡು ತಾಲ್ಲೂಕು ಕಚೇರಿಗೆ ಅರ್ಜಿ ಕೊಡಿ. ನಿಮ್ಮ ಕ್ಷೇತ್ರ ತೆರವಾಗಿದ್ದಾಗ ಯಾರ ಪತ್ರದ ಮೇಲೆ ಎಷ್ಟು ಹಣ ಖರ್ಚಾಯಿತು ಎಂದು ಮಾಹಿತಿ ಹಕ್ಕಿನಲ್ಲಿ ಜಿಲ್ಲಾಧಿಕಾರಿ ಕಚೇರಿಯನ್ನು ಕೇಳಿ. ಅರ್ಜಿ ಕನ್ನಡದಲ್ಲೇ ಇರಲಿ. ಹಿಂಬರಹ ಇಂಗ್ಲಿಷಿನಲ್ಲಿ ಬಂದರೆ ವಾಪಸ್ ಕಳಿಸಿ, ಕನ್ನಡದಲ್ಲಿ ಕೊಡಿ ಎನ್ನಿ.