ಕಚ್ಚದ ಇರುವೆ, ಬಿಕೋ ಎಂದ ಗುಡ್ಡ

ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ನತ್ತಂ ಕಡೆ ಕರಂದಮಲೈ ಎಂಬ ಮೀಸಲು ಅರಣ್ಯವಿದೆ. 2022ರ ಆಗಸ್ಟ್‌ನಲ್ಲಿ ಅದರ ಸುತ್ತಲಿನ ಏಳು ಹಳ್ಳಿಗಳ ಸುದ್ದಿ ದೇಶದ ತುಂಬ ಹರಿದಾಡಿತು. ಅಲ್ಲಿ ಆನೆ ಬಂದಿರಲಿಲ್ಲ, ಚಿರತೆ ಬಂದಿರಲಿಲ್ಲ. ಬಂದದ್ದು ಇರುವೆ. ಮೇಯಲು ಹೋದ ದನ, ಆಡುಗಳ ಕಣ್ಣಿಗೆ ಮುತ್ತಿ ಕುರುಡು ಮಾಡುತ್ತಿವೆ, ಹಾವು, ಮೊಲ ಕೂಡ ಸಾಯುತ್ತಿವೆ ಎಂದು ಊರವರು ದೂರಿದರು. ಗುಡ್ಡದ ಮೇಲೆ ಗುಡಿಸಲು ಹಾಕಿಕೊಂಡಿದ್ದ ದನಗಾಹಿಗಳು ಗಂಟು ಮೂಟೆ ಕಟ್ಟಿ ಕೆಳಗಿಳಿದರು. ನಿಂತಲ್ಲಿ ಕಾಲಿಗೆ ಹತ್ತಿ, ಮೈಯೆಲ್ಲ ತುರಿಕೆ, ಗುಳ್ಳೆ ಎಂದು ಜನ ಹೇಳಿಕೊಂಡರು.

ಜತ್ತ, ಅಕ್ಕಲಕೋಟದ ನಮಗೆ ಇದ್ಯಾಕೆ ಬೇಕು ಅಂತ ಕೇಳಬಹುದು. ಒಂದು, ಆ ಸೀಮೆಯಲ್ಲೂ ನಮ್ಮಂತೆ ಗಡಿಯಾಚೆ ಉಳಿದ ಕನ್ನಡದ ಮನೆಗಳಿವೆ. ತೇನಿ, ಕಂಬಂ, ದಿಂಡಿಗಲ್ ಭಾಗದಲ್ಲಿ ತಮಿಳರು ಕಪ್ಪಿಲಿಯರ್ ಎಂದು ಕರೆಯುವ ಒಕ್ಕಲಿಗರು, ಅನುಪ್ಪ ಗೌಂಡರ್‌ಗಳು ಬೀದಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ ಆಡುತ್ತ ತಲೆಮಾರುಗಳಿಂದ ಬದುಕಿದ್ದಾರೆ. ಕಂಬಂನ ನಂದಗೋಪಾಲಸ್ವಾಮಿ ಗುಡಿಯ 'ತಂಬಿರಾನ್' ದನಗಳ ಹಟ್ಟಿ ಆ ಒಕ್ಕಲಿಗರದ್ದೇ, ದನ ಅಂದ್ರೆ ಅಲ್ಲಿ ದೇವರ ಸಮಾನ. ಎರಡು, ನಮ್ಮ ಹಾಗೇ ಅವರದೂ ದ್ರಾಕ್ಷಿ ಸೀಮೆ. ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ದ್ರಾಕ್ಷಿ ಇದ್ದಲ್ಲಿ ಇರುವೆ ಲೆಕ್ಕಕ್ಕೆ ಬರುತ್ತದೆ. ಆ ಮಾತು ಮುಂದೆ ಹೇಳುತ್ತೇನೆ.

ಕರಂದಮಲೈಯಿಂದ ಕಂಬಂ ನೂರು ಕಿ.ಮೀ.ಗೂ ದೂರ. ಹಾಗಾಗಿ ಕಣಿವೆ ತುಂಬ ಈ ಇರುವೆ ಹಬ್ಬಿದೆ ಅಂತ ಯಾರೂ ತಿಳಿಯಬೇಕಿಲ್ಲ.

<b>ಯಾವ ಇರುವೆ?</b>

ಗದ್ದಲ ಎಬ್ಬಿಸಿದ್ದು ಹಳದಿ ಹುಚ್ಚಿರುವೆ. ಶಾಸ್ತ್ರದ ಹೆಸರು ಅನೊಪ್ಲೊಲೆಪಿಸ್ ಗ್ರಾಸಿಲಿಪೆಸ್. 4-5 ಮಿ.ಮೀ. ಉದ್ದ, ಕಾಲು ಉದ್ದ, ಮೀಸೆ ಇನ್ನೂ ಉದ್ದ. ಕೆಣಕಿದರೆ ದಿಕ್ಕು ದೆಸೆ ಇಲ್ಲದೆ ಓಡಾಡುತ್ತದೆ, ಅದಕ್ಕೇ ಹುಚ್ಚು ಎಂಬ ಹೆಸರು. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಇದೆ. ಮಜಾ ಏನಂದ್ರೆ ಇದು ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ಫಾರ್ಮಿಕ್ ಆಮ್ಲ ಸಿಂಪಡಿಸುತ್ತದೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಕೀಟತಜ್ಞ ಪ್ರಿಯದರ್ಶನನ್ ಧರ್ಮರಾಜನ್ ಆಗಲೇ ಇದನ್ನು ವಿವರಿಸಿದ್ದರು. ಒಂದೆರಡು ಇರುವೆಯ ಆಮ್ಲ ಏನೂ ಮಾಡದು. ಸಾವಿರಗಟ್ಟಲೆ ಮುತ್ತಿದರೆ ಕಣ್ಣು ಉಳಿಯುವುದು ಕಷ್ಟ.

ನಮ್ಮ ಹೊಲ, ಹಿತ್ತಲಲ್ಲಿ ಉರಿ ಏಳಿಸುವುದು ಬೇರೆ. ಅದು ಬೆಂಕಿ ಇರುವೆ, ಸೊಲೆನಾಪ್ಸಿಸ್ ಜೆಮಿನೇಟಾ. ಅಮೆರಿಕ ಖಂಡದಿಂದ ಹಡಗಿನ ಸರಕಿನ ಜೊತೆ ಬಂದು ಇಲ್ಲಿಯದೇ ಆಗಿಬಿಟ್ಟಿದೆ. ಒಂದೇ ಗೂಡಿನಲ್ಲಿ ಸಣ್ಣವೂ ಇರುತ್ತವೆ, ದಪ್ಪ ತಲೆಯವೂ ಇರುತ್ತವೆ. ದಪ್ಪ ತಲೆಯವು ಕಾಳು ಒಡೆಯುವ ಆಳುಗಳು. ಇದು ಬಾಯಲ್ಲಿ ಹಿಡಿದು, ಬಾಲದ ಮುಳ್ಳು ಚುಚ್ಚುತ್ತದೆ. ಡ್ರಿಪ್ ಪೈಪ್ ಕೊರೆಯುವ ಕೆಟ್ಟ ಚಟವೂ ಇದಕ್ಕಿದೆ. ಮಾವಿನ ಗಿಡದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಜಿಗ ಮೂರನೆಯದು, ಅದು ಇಲ್ಲಿಯದೇ, ಹುಳ ತಿಂದು ಗಿಡ ಕಾಯುತ್ತದೆ. ಮರಾಠಿಯಲ್ಲಿ ಮುಂಗಿ, ಡೊಂಗಳಾ ಅಂದು ಮುಗಿಸುತ್ತೇವೆ, ಕನ್ನಡದಲ್ಲಿ ಕೆಂಪಿರುವೆ ಅಂದು ಮುಗಿಸುತ್ತೇವೆ. ಮೂರಕ್ಕೂ ಒಂದೇ ಪುಡಿ ಎರಚುವುದು ಇದರಿಂದಲೇ.

<b>ಪುಡಿಯ ಲೆಕ್ಕ</b>

ಅಂಗಡಿಯಲ್ಲಿ ಇವತ್ತಿಗೂ 'ಬಿಎಚ್‌ಸಿ ಪುಡಿ ಕೊಡ್ರಿ' ಅಂತ ಕೇಳುವವರಿದ್ದಾರೆ. ಬಿಎಚ್‌ಸಿ ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧವಾಗಿದೆ. ಈಗ ಆ ಹೆಸರಲ್ಲಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವುದು ಯಾವುದೋ, ಅದರ ಮೇಲೆ ಲೇಬಲ್ಲೂ ಇಲ್ಲ. ಮಕ್ಕಳು ಆಡುವ ಅಂಗಳಕ್ಕೆ ಅದನ್ನು ಹಾಕುವುದು ಇರುವೆಗಿಂತ ದೊಡ್ಡ ಅಪಾಯ. ಸೀಮೆಎಣ್ಣೆ, ಪೆಟ್ರೋಲ್ ಸುರಿಯುವುದೂ ಅಷ್ಟೇ, ಬೆಂಕಿಯ ಭಯ ಒಂದು ಕಡೆ, ಮಣ್ಣು ಸುಟ್ಟುಹೋಗುವುದು ಇನ್ನೊಂದು ಕಡೆ.

ಸ್ಪ್ರೇ, ಚಾಕ್‌ಪೀಸ್‌ನಿಂದ ಸಾಯುವುದು ಹೊರಗೆ ಓಡಾಡುವ ಕೆಲಸಗಾರರು. ರಾಣಿ ಒಳಗೆ ಆರಾಮಾಗಿ ಮೊಟ್ಟೆ ಇಡುತ್ತಿರುತ್ತಾಳೆ. ಹುಚ್ಚಿರುವೆಯ ಗೂಡಲ್ಲಂತೂ ರಾಣಿಯರು ಹಲವರು. ನಾನು ಓದಿದ್ದು ಬಿ.ಕಾಂ., ನನಗೆ ಕಾಣುವುದು ಖರ್ಚಿನ ಕಾಲಂ: ತಿಂಗಳು ತಿಂಗಳು ಬಡ್ಡಿ ಕಟ್ಟುತ್ತೇವೆ, ಅಸಲು ಹಾಗೇ ಕೂತಿರುತ್ತದೆ.

ಅಸಲು ತೀರಿಸಬೇಕಾದರೆ ವಿಷ ನಿಧಾನದ್ದಾಗಬೇಕು, ಕೆಲಸಗಾರರೇ ಅದನ್ನು ಒಳಗೆ ಒಯ್ದು ರಾಣಿಗೆ ಉಣಿಸಬೇಕು. ಸಿಹಿಗೆ ಮುತ್ತುವ ಇರುವೆಗೆ 1 ಲೀಟರ್ ನೀರು, 100 ಗ್ರಾಂ ಸಕ್ಕರೆ, 10 ಗ್ರಾಂ ಬೋರಿಕ್ ಪುಡಿ ಕಲಸಿ, ಹತ್ತಿಯಲ್ಲಿ ಅದ್ದಿ, ತೂತು ಮಾಡಿದ ಮುಚ್ಚಳದ ಡಬ್ಬಿಯಲ್ಲಿಟ್ಟು ಇರುವೆ ಸಾಲಿನ ಪಕ್ಕ ಇಡಬೇಕು. ಮಕ್ಕಳು, ನಾಯಿ, ಕೋಳಿಗೆ ಎಟುಕಬಾರದು. ವಾರಗಟ್ಟಲೆ ಕಾಯಬೇಕು, ಮೊದಲ ದಿನ ಇರುವೆ ಹೆಚ್ಚು ಬಂದರೆ ಗಾಬರಿಯಾಗಿ ಸ್ಪ್ರೇ ಹೊಡೆಯಬಾರದು. ಅಂಗಳದಲ್ಲಿ ಬೆಂಕಿ ಇರುವೆಯ ಗೂಡು ಕಂಡರೆ ಬೆಳಗಿನ ತಂಪಲ್ಲಿ ಕುದಿನೀರು ಸುರಿಯಬಹುದು. ಎಲ್ಲ ಸಲವೂ ಸಾಯುವುದಿಲ್ಲ, ಎರಡು ಮೂರು ಸಲ ಬೇಕಾದೀತು. ಗಿಡದ ಬೇರಿಗೆ, ನಿಮ್ಮ ಕಾಲಿಗೆ ಬೀಳದಂತೆ ನೋಡಿಕೊಳ್ಳಿ.

ಚುಚ್ಚಿದರೆ ಇರುವೆಯನ್ನು ಉಜ್ಜಿ ಕೆಡವಿ, ಸೋಪು ನೀರಲ್ಲಿ ತೊಳೆದು ತಣ್ಣನೆ ಬಟ್ಟೆ ಇಡಿ. ಗುಳ್ಳೆ ಒಡೆಯಬೇಡಿ, ಸುಣ್ಣ ಹಚ್ಚಬೇಡಿ. ತುಟಿ ಬಾತು, ಉಸಿರು ಕಟ್ಟಿ, ತಲೆ ತಿರುಗಿದರೆ ಮನೆಮದ್ದು ಬಿಟ್ಟು ನೇರ ಆಸ್ಪತ್ರೆಗೆ ಹೋಗಿ, ಆಗ ನಿಮಿಷಗಳೂ ಮುಖ್ಯ. ಕಣ್ಣಿಗೆ ಆಮ್ಲ ಬಿದ್ದರೆ ಉಜ್ಜದೆ ಹದಿನೈದು ನಿಮಿಷ ಶುದ್ಧ ನೀರು ಹಾಯಿಸಬೇಕು. ದನಕ್ಕೂ ಇದೇ, ಆಮೇಲೆ ಪಶುವೈದ್ಯರಿಗೆ ತೋರಿಸಬೇಕು. ಸೊಪ್ಪಿನ ರಸ ಹಿಂಡುವುದು ಬೇಡ.

<b>ಬೇರು ಎಲ್ಲಿದೆ</b>

ಹುಚ್ಚಿರುವೆ ಗುಂಪು ಬೆಳೆಯುವುದು ಸಿಹಿ ಅಂಟಿನ ಮೇಲೆ. ದ್ರಾಕ್ಷಿಯ ಹಿಟ್ಟು ತಿಗಣೆ (ಮರಾಠಿಯವರ ಪಿಠ್ಯಾ ಢೇಕೂಣ) ಸುರಿಸುವುದೂ ಅದನ್ನೇ. ಇರುವೆ ಆ ತಿಗಣೆಯನ್ನು ದನ ಕಾಯ್ದಂತೆ ಕಾಯುತ್ತದೆ, ಅದನ್ನು ತಿನ್ನಲು ಬಂದ ಗುಲಗಂಜಿ ಹುಳವನ್ನು ಓಡಿಸುತ್ತದೆ. ಗೊನೆ ಅಂಟಂಟಾಗಿ ಕಪ್ಪು ಬೂಷ್ಟು ಹಿಡಿದ ತೋಟದಲ್ಲಿ ಬಳ್ಳಿಯ ಬುಡ ನೋಡಿ, ಇರುವೆ ಸಾಲು ಸಾಮಾನ್ಯವಾಗಿ ಇರುತ್ತದೆ.

ಆಸ್ಟ್ರೇಲಿಯಾದ ಕ್ರಿಸ್ಮಸ್ ದ್ವೀಪದಲ್ಲಿ ಇದೇ ಹುಚ್ಚಿರುವೆ ಕೋಟಿಗೂ ಹೆಚ್ಚು ಕೆಂಪು ಏಡಿಗಳನ್ನು ಕೊಂದಿತು. ಹೆಲಿಕಾಪ್ಟರ್‌ನಿಂದ ವಿಷ ಹಾಕಿದರೂ ಮತ್ತೆ ಎದ್ದಿತು. ಕಡೆಗೆ 2016ರ ಡಿಸೆಂಬರ್‌ನಲ್ಲಿ ಮಲೇಷ್ಯಾದ ಒಂದು ಪುಟ್ಟ ಕಣಜವನ್ನು ಬಿಟ್ಟರು. ಅದು ಇರುವೆಯನ್ನು ಮುಟ್ಟುವುದಿಲ್ಲ, ಇರುವೆಗೆ ಸಿಹಿ ಕೊಡುವ ಶಲ್ಕ ಕೀಟವನ್ನು ಮುಗಿಸುತ್ತದೆ.

ಅಲ್ಲಿ ಅಷ್ಟು ಮಾಡಲು ಒಂದು ಇಲಾಖೆ ಹೊಣೆ ಹೊತ್ತಿತ್ತು. ಕರಂದಮಲೈಯಲ್ಲಿ ಆಗ ಏನಾಯಿತು? ಅರಣ್ಯದವರು ಸಮೀಕ್ಷೆ ಮಾಡಿಸುತ್ತೇವೆ ಅಂದರು. ಪಶುವೈದ್ಯರು ಇರುವೆಯೊಂದೇ ಕಾರಣ ಅಂತ ಹೇಳಲಾಗದು, ಸದ್ಯ ಕಾಡಿಗೆ ದನ ಬಿಡಬೇಡಿ ಅಂದರು. ಅವರ ಎಚ್ಚರಿಕೆ ತಪ್ಪಲ್ಲ. ಆದರೆ ಕಾಡಿಗೆ ಬಿಡದ ಆಡಿಗೆ ಮೇವು ಯಾರು ತರಬೇಕು? ಹುಲಿ ದನ ಹಿಡಿದರೆ ಪರಿಹಾರಕ್ಕೆ ಅರ್ಜಿ ನಮೂನೆ ಇದೆ, ಪಂಚನಾಮೆ ಇದೆ. ಇರುವೆ ಕಣ್ಣು ಕಳೆದ ಆಡಿಗೆ ಯಾವ ಕಚೇರಿಯ ಬಾಗಿಲು ಬಡಿಯಬೇಕು ಎಂಬುದೇ ದನಗಾಹಿಗೆ ತಿಳಿಯಲಿಲ್ಲ.

ಇಲ್ಲಿ ನಮ್ಮ ಕಡೆಯೂ ಅಂಥ ಮುತ್ತಿಗೆ ಕಂಡರೆ ಮೊದಲು ಹತ್ತಿಪ್ಪತ್ತು ಇರುವೆಗಳನ್ನು ಸ್ಪಿರಿಟ್ ಹಾಕಿದ ಸೀಸೆಯಲ್ಲಿ ಹಿಡಿದಿಡಿ, ದಿನಾಂಕ, ಹೊಲದ ಸರ್ವೆ ನಂಬರ್ ಬರೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ದನದ ಕಣ್ಣು ಹೋದರೆ ಪಶುವೈದ್ಯರಿಂದ ಅಂದೇ ಚೀಟಿ ಬರೆಸಿಕೊಳ್ಳಿ. ಊರಿಂದೂರಿಗೆ ಸಸಿ, ಗೊಬ್ಬರ, ಹಳೇ ಕ್ರೇಟು ತರುವವರು ಇಳಿಸುವ ಮೊದಲು ಒಮ್ಮೆ ಕೊಡವಿ ನೋಡಿದರೆ ಸಾಕು, ಇರುವೆ ಊರು ದಾಟುವುದು ಹೆಚ್ಚಾಗಿ ಅದರಲ್ಲೇ.